ಆಟಿ ತಿಂಗಳಲ್ಲೂ ಗಂಟು ಕಟ್ಟದ ಪೌಡರ್: ನನ್ನ ಅನುಭವ

ಮಾರಲೆಂದು ಮನೆಯಲ್ಲೇ ಮಾಡಿ, ಮೇ ಕೊನೆಗೆ ತುಂಬಿಸಿಟ್ಟ ಬಟ್ಟೆ ಒಗೆಯುವ ಪೌಡರಿನ ಡ್ರಮ್ಮನ್ನು ಸೋಣ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ತೆರೆದೆ. ಕೈ ಹಾಕಿದರೆ ಒಣ ಮರಳಿನ ಹಾಗೆ ಬೆರಳ ಸಂದಿನಿಂದ ಜಾರಿತು. ಒಂದು ಗಂಟೂ ಇಲ್ಲ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮಳೆ ಕಂಡವರಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ನಾನು ಹೇಳಬೇಕಾಗಿಲ್ಲ. ಇಲ್ಲಿ ಆಟಿಯಲ್ಲಿ, ಅಂದರೆ ಜುಲೈ–ಆಗಸ್ಟಿನ ತುಳು ತಿಂಗಳಲ್ಲಿ, ಉಪ್ಪಿನ ಭರಣಿ ನೀರು ಬಿಡುತ್ತದೆ, ಬೆಂಕಿಪೊಟ್ಟಣ ಗೀರಿದರೆ ಹತ್ತುವುದಿಲ್ಲ, ಹಪ್ಪಳ ಬಟ್ಟೆಯ ಹಾಗೆ ಮಡಚುತ್ತದೆ. ಅಂಥದ್ದರಲ್ಲಿ ಸೋಡಾ ಹಾಕಿದ ಪೌಡರ್ ಪುಡಿಯಾಗಿಯೇ ಉಳಿದದ್ದು.

ಪೌಡರ್ ಮಾಡುವ ಕ್ರಮ ನನ್ನ ಹಾಗೆ ಮನೆಯಲ್ಲಿ ಮಾಡಿ ಮಾರುವ ನಿಮಗೆಲ್ಲ ಗೊತ್ತೇ ಉಂಟು. ಸೋಡಾ ಆ್ಯಶ್ (ಒಗೆಯುವ ಸೋಡಾದ ಒಣ ಪುಡಿ), ಸ್ಲರಿ (ನೊರೆ ಬರಿಸುವ ಆಸಿಡ್ ದ್ರವ), ಉಪ್ಪು, ಜರಡಿ, ಇದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಇಡುವ ಕ್ರಮ ಮಾತ್ರ ಹೇಳುತ್ತೇನೆ. ಅದಕ್ಕಾಗಿ ನಾನು ಕಳೆದುಕೊಂಡ ದುಡ್ಡು ಜಾಸ್ತಿ.

ಮೊದಲ ಪೆಟ್ಟು 2021ರ ಜುಲೈಯಲ್ಲಿ. ಅಂಗಡಿಗಳಿಗೆ ಕೊಟ್ಟದ್ದರಲ್ಲಿ ಸುಮಾರು 60 ಕಿಲೋ ವಾಪಸ್ ಬಂತು. ಕಿಲೋಗೆ 55 ರೂಪಾಯಿಯ ಹಾಗೆ ಲೆಕ್ಕ ಹಾಕಿದರೆ 3,300. ಪ್ಯಾಕೆಟ್ ಕವರು, ರಿಕ್ಷಾ ಬಾಡಿಗೆ ಬೇರೆ. ಪೇಟೆಯ ಅಂಗಡಿಯವರು ಒಂದು ಪ್ಯಾಕೆಟನ್ನು ಮೇಜಿನ ಮೇಲೆ ಕುಟ್ಟಿ ತೋರಿಸಿದರು. ಟಕ್ ಎಂದು ಸದ್ದು ಬಂತು. "ಅಕ್ಕಾ, ಬೇಸಿಗೆಯಲ್ಲಿ ತನ್ನಿ, ತೆಗೆದುಕೊಳ್ಳುತ್ತೇನೆ. ಮಳೆಗಾಲದಲ್ಲಿ ಮನೆಯಲ್ಲಿ ಮಾಡಿದ ಪೌಡರ್ ನಿಲ್ಲುವುದಿಲ್ಲ" ಎಂದರು. ಮನೆಯಲ್ಲೂ ಅದೇ ಮಾತು. ಮೈದುನ ಅಂತೂ ಮಳೆಗಾಲದ ಮೂರು ತಿಂಗಳು ಕೆಲಸ ನಿಲ್ಲಿಸಿ ಎಂದೇ ಹೇಳಿದ. ನನಗೆ ನಿಲ್ಲಿಸಲು ಮನಸ್ಸಿರಲಿಲ್ಲ. ನಮ್ಮಲ್ಲಿ ಜನ ಜಾಸ್ತಿ ಪೌಡರ್ ಕೇಳುವುದೇ ಮಳೆಗಾಲದಲ್ಲಿ, ತೋಟದ ಕೆಸರು ಬಟ್ಟೆ ದಿನಾ ಇರುತ್ತದಲ್ವಾ.

ಆಗ ನನಗೆ ಮಳೆಯದ್ದೇ ತಪ್ಪು ಎಂದು ಅನಿಸಿತ್ತು. ಆಮೇಲೆ ನೋಡಿದರೆ ಅರ್ಧ ನೀರನ್ನು ನಾನೇ ಒಳಗೆ ಹಾಕಿ ಕಟ್ಟುತ್ತಿದ್ದೆ. ಸ್ಲರಿ ಸೇರಿಸಿದ ಮೇಲೆ ಪೌಡರ್ ಬಿಸಿಯಾಗುತ್ತದೆ. ಎರಡು ಗಂಟೆ ಬಿಟ್ಟು ಮುಟ್ಟಿದರೆ ಮೇಲೆ ತಣ್ಣಗೆ. ರಾಶಿಯ ನಡುವೆ ಮೊಣಕೈವರೆಗೆ ಕೈ ಹಾಕಿದರೆ ಇನ್ನೂ ಬೆಚ್ಚಗೆ. ಅದನ್ನು ಪ್ಯಾಕೆಟಿಗೆ ತುಂಬಿದರೆ ರಾತ್ರಿ ಒಳಗಿನ ಹಬೆ ಕವರಿಗೆ ಹನಿಯಾಗಿ ಅಂಟುತ್ತದೆ, ಬೆಳಿಗ್ಗೆಗೆ ಪೌಡರ್ ಅದನ್ನು ಕುಡಿದಿರುತ್ತದೆ. ಈಗ ನಾನು ತೆಳ್ಳಗೆ ಹರಡಿ, ಎರಡು ಹಗಲು ಒಂದು ರಾತ್ರಿ ಬಿಟ್ಟು, ಎರಡನೆಯ ದಿನ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ತುಂಬುತ್ತೇನೆ. ಬೆಳಿಗ್ಗೆ ತುಂಬುವುದೇ ಇಲ್ಲ. ಆಗ ಗಾಳಿಯಲ್ಲಿ ತೇವ ಜಾಸ್ತಿ.

ಎರಡನೆಯ ತಪ್ಪು ಉಪ್ಪಿನದ್ದು. ಅಗ್ಗ ಎಂದು ಕಲ್ಲುಪ್ಪು ಪುಡಿ ಮಾಡಿ ಹಾಕುತ್ತಿದ್ದೆ. ನೀರು ಎಳೆಯುವುದು ಬರೀ ಉಪ್ಪಲ್ಲ, ಅದರಲ್ಲಿ ಉಳಿದ ಮೆಗ್ನೀಸಿಯಂ. ಅಂಗಡಿಯ ಪುಡಿ ಉಪ್ಪಿಗೆ ಬದಲಾಯಿಸಿದೆ. 50 ಕಿಲೋ ಪೌಡರಿಗೆ ಹೆಚ್ಚೆಂದರೆ 40 ರೂಪಾಯಿ ವ್ಯತ್ಯಾಸ.

ಇನ್ನೊಂದು ಸಲ ಸೋಡಾ ಆ್ಯಶಿನ ಬದಲಿಗೆ ಹರಳು ಸೋಡಾ ಕಡಿಮೆ ಬೆಲೆಗೆ ಸಿಕ್ಕಿತು ಎಂದು 25 ಕಿಲೋ ತಂದೆ. ಅದು ಏಪ್ರಿಲ್, ಒಂದು ಹನಿ ಮಳೆ ಇಲ್ಲ. ಶೀಟು ಹಾಕಿದ ಕೋಣೆಯಲ್ಲಿಟ್ಟಿದ್ದೆ. ನಾಲ್ಕನೆಯ ದಿನ ಚೀಲದ ಅಡಿ ಒದ್ದೆ. ಆ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. 33 ಡಿಗ್ರಿ ಆಸುಪಾಸಿನಲ್ಲಿ ಅದು ತನ್ನದೇ ನೀರಿನಲ್ಲಿ ಕರಗುತ್ತದೆ. ನಮ್ಮ ಏಪ್ರಿಲ್‌ನಲ್ಲಿ ಶೀಟಿನ ಅಡಿಗೆ ಅಷ್ಟು ಬಿಸಿ ಆಗದೆ ಇರುತ್ತದೆಯೇ? ಸುಮ್ನೆ 600 ರೂಪಾಯಿ ಹೋಯಿತು.

ತೇವ ಹೀರಲು ಏನೇನೋ ಇಟ್ಟು ನೋಡಿದೆ. ಅಕ್ಕಿ ಕಟ್ಟಿಟ್ಟೆ, ಅದಕ್ಕೆ ಹುಳ ಬಂತು. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಸಿಲಿಕಾ ಪೊಟ್ಟಣ ಕೂಡಿಸಿ ಹಾಕಿದೆ. ಅವು ಪೆಟ್ಟಿಗೆಯಿಂದ ಹೊರಗೆ ಬಂದಾಗಲೇ ತೇವ ಕುಡಿದು ಮುಗಿಸಿರುತ್ತವೆ, ಏನೂ ಪ್ರಯೋಜನ ಇಲ್ಲ. ಮಂಗಳೂರಿನಿಂದ ನೀಲಿ ಸಿಲಿಕಾ ಒಂದು ಕಿಲೋ ತರಿಸಿದೆ, 300 ರೂಪಾಯಿ ಚಿಲ್ಲರೆ. ಗುಲಾಬಿ ಬಣ್ಣಕ್ಕೆ ತಿರುಗಿದಾಗ ಕಾವಲಿಯಲ್ಲಿ ಹುರಿದರೆ ಮತ್ತೆ ನೀಲಿ. ಕೆಲಸ ಒಳ್ಳೆಯದೇ, ಆದರೆ ಒಂದು ದಿನ ಉರಿ ಜಾಸ್ತಿಯಾಗಿ ಕಪ್ಪಾಯಿತು. ಆ ನೀಲಿ ಬಣ್ಣ ಕೊಡುವುದು ಕೋಬಾಲ್ಟ್, ಅದು ಅಡುಗೆ ಪಾತ್ರೆಗೆ ಒಳ್ಳೆಯದಲ್ಲ ಎಂದು ಆಮೇಲೆ ತಿಳಿಯಿತು. ಆ ಕಾವಲಿಯನ್ನೇ ಬಿಸಾಡಿದೆ.

ದಾರಿ ಸಿಕ್ಕಿದ್ದು ಅತ್ತೆಯಿಂದ. ಅಟ್ಟದಲ್ಲಿ ಒಣಗಿಸಿ ಸುಲಿದ ಚಾಲಿ ಅಡಿಕೆಯ ಗೋಣಿ ಸರಿಸುವಾಗ ಅವರು ಹೇಳಿದರು, "ಅಡಿಕೆಯನ್ನು ಎರಡು ಮಳೆಗಾಲ ಇಡುತ್ತೇವೆ, ನಿನ್ನ ಪೌಡರನ್ನು ಯಾಕೆ ಹಾಗೇ ಇಡಬಾರದು?" ಅಷ್ಟೇ. ಅಡಿಕೆ ಗೋಣಿಯ ಒಳಗೆ ಹಾಕುವ ದಪ್ಪ ಪ್ಲಾಸ್ಟಿಕ್ ಚೀಲವನ್ನೇ ತೆಗೆದುಕೊಂಡೆ. ಅದನ್ನು ಮುಚ್ಚಳ ಬಿಗಿಯುವ ಕ್ಲಾಂಪ್ ಇರುವ 50 ಲೀಟರಿನ ನೀಲಿ ಡ್ರಮ್ಮಿಗೆ ಇಳಿಸಿದೆ. ಹಳೆಯ ಡ್ರಮ್ಮು 350ಕ್ಕೆ ಸಿಗುತ್ತದೆ, ಮೊದಲು ಏನು ತುಂಬಿದ್ದರು ಎಂದು ಕೇಳಿಯೇ ತನ್ನಿ. ಚೀಲದ ಬಾಯಿಯವರೆಗೆ ಪೌಡರ್ ಒತ್ತಿ ತುಂಬಬೇಕು. ಮೇಲೆ ಖಾಲಿ ಜಾಗ ಉಳಿದಷ್ಟೂ ತೇವದ ಗಾಳಿ ಉಳಿಯುತ್ತದೆ. ಬಾಯಿಯನ್ನು ತಿರುಚಿ, ಮಡಚಿ, ರಬ್ಬರ್ ಟ್ಯೂಬಿನ ತುಂಡಿನಿಂದ ಬಿಗಿಯಬೇಕು. ಡ್ರಮ್ಮು ನೆಲಕ್ಕೆ ತಾಗಬಾರದು, ಗೋಡೆಗೂ ತಾಗಬಾರದು. ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ.

ಚೀಲದ ಹೊರಗೆ, ಡ್ರಮ್ಮಿನ ಮುಚ್ಚಳದ ಅಡಿಗೆ, ಸುಣ್ಣ. ನಮ್ಮ ಮನೆಗಳಲ್ಲಿ ಅಡಿಕೆಗೆ ಬಿಡುವ ಬೋರ್ಡೋ ಮದ್ದಿಗೆಂದು ನೀರು ಬೀಳದ ಸುಟ್ಟ ಸುಣ್ಣ ಜೂನ್‌ಗೆ ಹೇಗೂ ಇರುತ್ತದೆ. ಡ್ರಮ್ಮಿಗೆ ಕಾಲು ಕಿಲೋ ಸಾಕು. ಒಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಡುವುದು.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನು ಹೇಳಲೇಬೇಕು. ಮೊದಲ ವರ್ಷ ಡಬ್ಬಿ ತುಂಬಾ ಸುಣ್ಣ ತುಂಬಿಸಿ, ಪೌಡರಿನ ಒಳಗೇ ಹೂತಿಟ್ಟೆ. ಸುಣ್ಣ ತೇವ ಕುಡಿದ ಹಾಗೆ ಉಬ್ಬುತ್ತದೆ. ಬಟ್ಟೆ ಬಿಚ್ಚಿ ಪೌಡರಿಗೆ ಚೆಲ್ಲಿತು. ನೋಡಲು ಏನೂ ಗೊತ್ತಾಗಲಿಲ್ಲ. ಆ ಪೌಡರಿನಲ್ಲಿ ಬಟ್ಟೆ ನೆನೆಸಿದಾಗ ಕೈ ಉರಿದು ಚರ್ಮ ಎದ್ದಿತು. ಸುಣ್ಣವೂ ಸೋಡಾವೂ ನೀರಿನಲ್ಲಿ ಸೇರಿದರೆ ಚರ್ಮ ಸುಡುವ ಕಾಸ್ಟಿಕ್ ಸೋಡಾ ಆಗುತ್ತದೆ. 40 ಕಿಲೋ ಒಂದನ್ನೂ ಮಾರದೆ ಹೊಂಡ ತೋಡಿ ಹೂತೆ. ಹಾಗಾಗಿ ಡಬ್ಬಿಯ ಮೂರನೇ ಒಂದು ಪಾಲು ಮಾತ್ರ ಸುಣ್ಣ, ಯಾವಾಗಲೂ ಚೀಲದ ಹೊರಗೆ, ಒದ್ದೆ ಕೈಯಲ್ಲಿ ಮುಟ್ಟುವಂತಿಲ್ಲ, ಮಕ್ಕಳ ಕೈಗೆ ಸಿಗುವಂತಿಲ್ಲ. ಪೂರ್ತಿ ಹಿಟ್ಟಾದರೆ ಬದಲಾಯಿಸಿ, ಹಳೆಯದು ತೆಂಗಿನ ಬುಡಕ್ಕೆ. ನಾನು ಮಳೆಗಾಲದಲ್ಲಿ ಎರಡು ಸಲ ಬದಲಾಯಿಸಿದೆ.

ಹರಡುವಾಗ ಅಡಿಗೆ ಏನು ಹಾಸುತ್ತೇನೆ, ಜರಡಿಗೆ ಮೊದಲು ಏನು ಒಂದು ಹಿಡಿ ಸೇರಿಸುತ್ತೇನೆ, ಈ ಎರಡನ್ನು ಮಾತ್ರ ಈಗ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಅದಿಲ್ಲದೆಯೂ ಮುಕ್ಕಾಲು ಫಲ ನಿಮಗೆ ಸಿಗುತ್ತದೆ.

ಅಂಗಡಿಗೆ ಹೋಗುವ ಪ್ಯಾಕೆಟಿನ ಕಥೆ ಬೇರೆ. ಕಾರ್ಡು ಇಟ್ಟು ಸ್ಟೇಪ್ಲರ್ ಹೊಡೆಯುವುದನ್ನು ದಯವಿಟ್ಟು ಬಿಡಿ. ಪ್ರತಿ ಪಿನ್ನಿಗೂ ಎರಡು ತೂತು. ವಾಪಸ್ ಬಂದ ಪ್ಯಾಕೆಟುಗಳಲ್ಲಿ ಕಲ್ಲಾಗಲು ಶುರುವಾದದ್ದು ಪಿನ್ನಿನ ಅಡಿಯಿಂದಲೇ ಎಂದು ಕತ್ತರಿಸಿ ನೋಡಿದಾಗ ಗೊತ್ತಾಯಿತು. ಮೇಣದಬತ್ತಿಯಲ್ಲಿ ಅಂಟಿಸಿದ್ದೂ ಸೋರುತ್ತದೆ. 1,400 ಕೊಟ್ಟು ಸೀಲಿಂಗ್ ಮೆಷಿನ್ ತಂದೆ, ಒಂದು ಬೆರಳು ಅಂತರದಲ್ಲಿ ಎರಡು ಗೆರೆ ಸೀಲ್ ಹಾಕುತ್ತೇನೆ. ಮಳೆಗಾಲದಲ್ಲಿ ಒಂದು ಕಿಲೋದ ಪ್ಯಾಕೆಟ್ ಇಲ್ಲ, ಅರ್ಧ ಕಿಲೋ ಮಾತ್ರ. ಒಡೆದ ಮೇಲೆ ಹತ್ತು ದಿನದಲ್ಲಿ ಮುಗಿಯಬೇಕು.

ನಡುವೆ ಪಾತ್ರೆ ತಿಕ್ಕುವ ಪುಡಿಯನ್ನೂ ಮಾಡಿ ನೋಡಿದೆ. ತೆಂಗಿನ ಸಿಪ್ಪೆಯ ಬೂದಿ ಮನೆಯಲ್ಲಿ ಬೇಕಾದಷ್ಟು ಉಂಟು, ಆದರೆ ಅದು ತಾನಾಗಿ ಒದ್ದೆಯಾಗುತ್ತದೆ. ಅದರಲ್ಲಿ ತೇವ ಎಳೆಯುವ ಪೊಟ್ಯಾಷ್ ಜಾಸ್ತಿ. ಭತ್ತದ ಉಮಿಯ ಬೂದಿ ಹಾಗಲ್ಲ, ಅದು ಹೆಚ್ಚಿನಂಶ ಸಿಲಿಕಾ, ತೆರೆದ ಬಟ್ಟಲಲ್ಲಿ ಒಂದು ವಾರ ಇಟ್ಟರೂ ಪುಡಿಯೇ. ಹಲ್ಲುಜ್ಜುವ ಉಮಿಕರಿ ನಮ್ಮ ಅಜ್ಜಂದಿರ ಕಾಲದಲ್ಲಿ ಒಣಗಿಯೇ ಇರುತ್ತಿದ್ದದ್ದು ಅದಕ್ಕೇ ಇರಬೇಕು. ಟಾಯ್ಲೆಟ್ಟಿಗೆಂದು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಮತ್ತು ಅಡುಗೆ ಸೋಡಾ ಸೇರಿಸಿ ಪ್ಯಾಕೆಟ್ ಮಾಡಿದ್ದು ಮಾತ್ರ ಕೆಟ್ಟಿತು. ಸ್ವಲ್ಪ ತೇವ ಹೋದದ್ದೇ ಸಾಕು, ಒಳಗೆ ಗ್ಯಾಸ್ ಎದ್ದು ಪ್ಯಾಕೆಟುಗಳು ದಿಂಬಿನ ಹಾಗೆ ಉಬ್ಬಿದವು. ಈಗ ಎರಡನ್ನೂ ಬೇರೆ ಬೇರೆ ಪ್ಯಾಕೆಟಿನಲ್ಲೇ ಕೊಡುತ್ತೇನೆ.

ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿಗೆ ಈ ಡ್ರಮ್ಮಿನ ಕ್ರಮ ಬೇಡ. ತಗಡಿನ ಡಬ್ಬಿಯಲ್ಲಿ ಇಟ್ಟದ್ದು ಒಂದೇ ಮಳೆಗಾಲದಲ್ಲಿ ಅಡಿ ತೂತಾಯಿತು. ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕತ್ತಲಲ್ಲಿ, ತಂಪಿನಲ್ಲಿ ಇಡಿ. ಬೇಕಾದಷ್ಟೇ ತನ್ನಿ. ಗಂಟು ಕಟ್ಟದಿದ್ದರೂ ದಿನ ಹೋದ ಹಾಗೆ ಅದರ ಶಕ್ತಿ ಇಳಿಯುತ್ತದೆ. ಟಾಯ್ಲೆಟ್ ಆಸಿಡ್ ಇರುವ ಕಪಾಟಿನಲ್ಲಂತೂ ಇಡಲೇಬೇಡಿ, ಎರಡೂ ಸೇರಿದರೆ ವಿಷ ಗಾಳಿ ಏಳುತ್ತದೆ.

ಈ ಮಳೆಗಾಲದಲ್ಲಿ ನಾಲ್ಕು ಡ್ರಮ್ಮು, ಹತ್ತಿರ ಹತ್ತಿರ 170 ಕಿಲೋ ಇಟ್ಟಿದ್ದೆ. ವಾಪಸ್ ಬಂದದ್ದು ಮೂರು ಪ್ಯಾಕೆಟ್, ಅವೂ ಇಲಿ ಕಡಿದದ್ದು. ಮೇಜಿಗೆ ಕುಟ್ಟಿ ತೋರಿಸಿದ್ದ ಅಂಗಡಿಯವರಿಗೆ ಆಟಿಯ ನಡುವೆ ಹತ್ತು ಪ್ಯಾಕೆಟ್ ಕೊಟ್ಟು ಬಂದಿದ್ದೆ, ಹಣ ಆಮೇಲೆ ಕೊಡಿ ಎಂದು. ವಾರದಲ್ಲಿ ಅವರೇ ಫೋನ್ ಮಾಡಿದರು. ಮೊನ್ನೆ 30 ಪ್ಯಾಕೆಟ್ ತೆಗೆದುಕೊಂಡು ಹೋದರು. ಮೈದುನ ಈಗ ಐದನೆಯ ಡ್ರಮ್ಮಿಗೆ ಹಲಗೆ ಹೊಡೆಯುತ್ತಿದ್ದಾನೆ.