ಹಾಳೆಗೆ ಹೊಲಿಗೆ ಬೇಡ: ಅಡಿಕೆ ಹಾಳೆಯ ಗೌನ್ ಮಾಡಿದ ನನ್ನ ಅನುಭವ

ಅಡಿಕೆ ಹಾಳೆಯಲ್ಲಿ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಭಾಗದಲ್ಲಿ, ನೆಲ ಮುಟ್ಟುವ ಗೌನ್ ಮಾಡಬಹುದು. ಅದನ್ನು ಹಾಕಿಕೊಂಡು ಮೆಟ್ಟಿಲು ಹತ್ತಬಹುದು, ವೇದಿಕೆಯಲ್ಲಿ ಗಿರ್ರನೆ ತಿರುಗಬಹುದು, ಮರುವರ್ಷ ಬೇರೆಯವರಿಗೆ ಬಾಡಿಗೆಗೂ ಕೊಡಬಹುದು. ಪುತ್ತೂರಿನ ಆಸುಪಾಸಿನಲ್ಲಿ ಟೈಲರಿಂಗ್ ಮಾಡುವ ನಮ್ಮವರೇ ಹಲವರು ಇದು ಆಗದ ಕೆಲಸ ಅಂದಿದ್ದರು. ಈಗ ಅವರಲ್ಲೇ ಇಬ್ಬರು ವಿಧಾನ ಕೇಳಿಕೊಂಡು ಬಂದಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಬರೆದೇ ಬಿಡುವ ಅನ್ನಿಸಿತು. ಅಳತೆ, ಪ್ರಿನ್ಸೆಸ್ ಕಟ್, ಬೋನ್ (ಆಕಾರ ನಿಲ್ಲಿಸುವ ಗಟ್ಟಿ ಪಟ್ಟಿ) ಹಾಕುವುದು ಟೈಲರಿಂಗ್ ಮಾಡುವ ನಿಮಗೆ ಗೊತ್ತಿರುವುದೇ, ಅದನ್ನೆಲ್ಲ ಬಿಡುತ್ತೇನೆ.

ಕಾಲೇಜು ಫೆಸ್ಟ್‌ಗಳ 'ಕಸದಿಂದ ರಸ' ರೌಂಡಿಗೆ ಡ್ರೆಸ್ ಮಾಡಿಕೊಡುವುದು ನನಗೆ ಹೊಸತಲ್ಲ. ಪ್ರತಿವರ್ಷ ಬರುವುದು ಒಂದೇ ಬೇಡಿಕೆ: ಪೇಪರ್ ಫ್ರಾಕ್, ಸಿಡಿ ಅಂಟಿಸಿದ ಸ್ಕರ್ಟ್, ಕಪ್ಪು ಗಾರ್ಬೇಜ್ ಕವರಿನ ಗೌನ್. ಆ ಸಲ ಬಂದ ಹುಡುಗಿ ಮಾತ್ರ "ಅಕ್ಕ, ನಮ್ಮ ತೋಟದ್ದೇ ಏನಾದ್ರೂ ಮಾಡುವ" ಅಂದಳು. ಸ್ಪರ್ಧೆಯ ನಿಯಮದಂತೆ ಮುಕ್ಕಾಲು ಭಾಗ ಬಟ್ಟೆ ಅಲ್ಲದ ವಸ್ತುವೇ ಇರಬೇಕಿತ್ತು. ಅವರ ಮನೆಯಲ್ಲಿ ಹಾಳೆ ರಾಶಿ ಬಿದ್ದಿತ್ತು. ಒಂದಿಷ್ಟು ದನಕ್ಕೆ, ಉಳಿದದ್ದು ತಟ್ಟೆ ಮಾಡುವವರಿಗೆ. ನನಗೆ ಕೆಲಸ ಕಲಿಸಿದ ಮಾಸ್ಟ್ರ ಹತ್ತಿರ ಹೇಳಿದೆ. "ಹಾಳೆ ಒಣಗಿದ್ರೆ ಸೀಳ್ತದೆ ಮಾರಾಯ್ತಿ, ಮಿಷನಿಗೆ ಕೊಡ್ಬೇಡ" ಅಂದರು.

ಮಿಷನಿಗೆ ಕೊಟ್ಟದ್ದು ನಿಜ. 18ನೇ ನಂಬರಿನ ಸೂಜಿ, ದೊಡ್ಡ ಹೊಲಿಗೆ. ಹೊಲಿಗೆ ಬಿತ್ತು, ಆದರೆ ಹಾಳೆಯ ನಾರು ಉದ್ದಕ್ಕೆ ಓಡುತ್ತದೆ. ನಾರಿನ ಗುಂಟ ಸಾಲಾಗಿ ತೂತು ಬಿದ್ದರೆ ನಾವೇ ಹರಿಯಲು ಗೆರೆ ಹಾಕಿಕೊಟ್ಟಂತೆ. ಡಮ್ಮಿಯ (ಬಟ್ಟೆ ತೊಡಿಸಿ ನೋಡುವ ಬೊಂಬೆ) ಮೇಲೆ ಏರಿಸುವ ಹೊತ್ತಿಗೆ ಉದ್ದುದ್ದಕ್ಕೆ ಸೀಳಿತು. ಅಡ್ಡಕ್ಕೆ ಹೊಲಿದದ್ದು ಸ್ವಲ್ಪ ತಡೆಯಿತು, ಕುಳಿತೆದ್ದಾಗ ಅದೂ ಹೋಯಿತು.

ಆಮೇಲೆ ನೆನೆಸಿ ಕೈಹೊಲಿಗೆ. ಅರ್ಧ ಗಂಟೆ ನೀರಲ್ಲಿ ಬಿಟ್ಟರೆ ಹಾಳೆ ಚರ್ಮದ ಹಾಗೆ ಬಳುಕುತ್ತದೆ, ಹೇಳಿದ ಕಡೆ ತಿರುಗುತ್ತದೆ. ರಾತ್ರಿ ನೋಡಿದರೆ ಅಷ್ಟು ಚಂದದ ಬಾಡಿಸ್ (ಗೌನಿನ ಮೇಲ್ಭಾಗ), ಕಣ್ಣು ತುಂಬಿ ಬಂತು. ಒಣಗುವಾಗ ಅದೇ ಹಾಳೆ ಕುಗ್ಗಿ, ಒಳಕ್ಕೆ ಸುರುಳಿ ಸುತ್ತಿ, ಪ್ರತಿ ಟಾಕಿನ ಹತ್ತಿರ ಬಿರುಕು ಬಿಟ್ಟಿತು. ಮೂರನೆಯದು ಅಂಟು: ಡ್ರಿಲ್ ಎಂಬ ದಪ್ಪ ಬಟ್ಟೆಗೆ ಹಾಳೆ ಅಂಟಿಸಿದ್ದು. ಹಾಳೆಯ ಹೊರಮೈ ನುಣುಪು, ಒಳಗಿನ ಬಿಳಿ ಪೊರೆ ತಾನಾಗಿ ಏಳುವಂಥದ್ದು. ಹೊರಮೈಗೆ ಅಂಟು ಹಿಡಿಯುವುದಿಲ್ಲ, ಒಳಮೈಗೆ ಹಾಕಿದರೆ ಕೊನೆಗೆ ಪೊರೆಯೇ ಕಿತ್ತು ಬರುತ್ತದೆ. ಇಷ್ಟಕ್ಕೆಲ್ಲ ಸುಮಾರು ಮೂರೂವರೆ ಸಾವಿರ ನೀರಿಗೆ ಹೋಯಿತು. ಹಾಳೆಗೆ ಹೆಚ್ಚಾಗಲಿಲ್ಲ, ಡ್ರಿಲ್ ಬಟ್ಟೆ, ಬೋನ್, ಅಂಟು, ಮತ್ತೆ ಆ ದಿನಗಳಲ್ಲಿ ವಾಪಸು ಕಳಿಸಿದ ಬ್ಲೌಸ್‌ಗಳ ಲೆಕ್ಕ ಅದು. ಮನೆಯಲ್ಲಿ ಮಾತು ಕೇಳಬೇಕಾಯಿತು.

ದಾರಿ ಸಿಕ್ಕಿದ್ದು ನಮ್ಮೂರಿನ ಭೂತಕೋಲದಲ್ಲಿ. ಭೂತದ ಸೊಂಟಕ್ಕೆ ಕಟ್ಟುವ ತೆಂಗಿನ ಸಿರಿಯನ್ನು (ಎಳೆಗರಿಯ ಲಂಗ) ಚಿಕ್ಕಂದಿನಿಂದ ನೋಡಿದ್ದೇನೆ, ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜನ ಸೊಂಟದಲ್ಲೂ ಅದೇ. ಆ ರಾತ್ರಿ ಟೈಲರ್ ಕಣ್ಣಲ್ಲಿ ನೋಡಿದೆ. ಎಳೆಗರಿಯ ಒಂದು ಎಸಳನ್ನೂ ಇನ್ನೊಂದಕ್ಕೆ ಹೊಲಿದಿಲ್ಲ. ಎಲ್ಲ ಸೊಂಟದ ಹಗ್ಗದಿಂದ ಇಳಿಬಿದ್ದಿವೆ. ಅಷ್ಟು ಕುಣಿದರೂ, ಬೆಂಕಿಯ ಹತ್ತಿರ ಹೋಗಿ ಬಂದರೂ ಸಿರಿ ಹರಿಯುವುದಿಲ್ಲ, ಯಾಕೆಂದರೆ ಪ್ರತಿ ಎಸಳಿಗೂ ಅಲುಗಾಡಲು ಜಾಗ ಇದೆ. ಹಾಳೆಗೆ ಬೇಕಾದದ್ದೂ ಅದೇ. ಫ್ಯಾಶನ್ ಡಿಸೈನರ್ ಪಾಕೊ ರಬಾನ್ 1966ರಲ್ಲಿ ಪ್ಯಾರಿಸ್‌ನಲ್ಲಿ ಹನ್ನೆರಡು 'ತೊಡಲಾಗದ' ಉಡುಪು ತೋರಿಸಿ ಹೆಸರು ಮಾಡಿದರು. ಪ್ಲಾಸ್ಟಿಕ್ ಬಿಲ್ಲೆಗಳನ್ನು ದಾರದ ಬದಲು ಲೋಹದ ರಿಂಗ್ ಹಾಕಿ, ಪ್ಲೈಯರ್ ಹಿಡಿದು ಜೋಡಿಸುತ್ತಿದ್ದರು. ನಮ್ಮ ಸಿರಿ ಕಟ್ಟುವವರಿಗೆ ಅದರ ಒಳಗುಟ್ಟು ಎಷ್ಟೋ ಮೊದಲೇ ಗೊತ್ತಿತ್ತು ಅಂತ ನನ್ನ ಗಟ್ಟಿ ಅಭಿಪ್ರಾಯ.

ಈಗ ಕೆಲಸಕ್ಕೆ ಬರುತ್ತೇನೆ. ಹಾಳೆಯನ್ನು ಎಸಳಿನ ಆಕಾರಕ್ಕೆ ಕತ್ತರಿಸಿ, ನಾರು ಮೇಲಿಂದ ಕೆಳಕ್ಕೆ ಇರಬೇಕು. ಸೊಂಟದ ಹತ್ತಿರದ ಎಸಳು ಒಂದು ಗೇಣಿಗಿಂತ ಕಡಿಮೆ, ಕೆಳಗಿನ ಸುತ್ತಿನವು ಒಂದೂವರೆ ಗೇಣು. ಪ್ರತಿ ಎಸಳಿನ ತಲೆಗೆ ಒಂದೇ ತೂತು, ಎರಡು ಹಾಕಿದರೆ ಮತ್ತೆ ಸೀಳು. ತೂತು ಅಂಚಿನಿಂದ ಒಂದು ಬೆರಳಿನಷ್ಟಾದರೂ ಒಳಗಿರಲಿ. ಬರೇ ಹಾಳೆಗೆ ಐಲೆಟ್ (ತೂತಿನ ಅಂಚಿಗೆ ಹೊಡೆಯುವ ಲೋಹದ ಬಳೆ) ಹೊಡೆದರೆ ಭಾರ ಬಿದ್ದಾಗ ಐಲೆಟ್ ನಾರಿನ ಗುಂಟ ಜಾರಿ ಹೊರಗೆ ಬರುತ್ತದೆ. ಅದಕ್ಕೆ ಹಾಳೆಯ ತಲೆಯಲ್ಲಿ ಒಳಪೊರೆ ಕೆರೆದು ತೆಗೆದು, ಅಡ್ಡಕ್ಕೆ ಬಕ್ರಮ್ (ಕಾಲರಿಗೆ ಹಾಕುವ ಗಟ್ಟಿ ಬಟ್ಟೆ) ತುಂಡು ಅಂಟಿಸಿ, ಅದು ಒಣಗಿದ ಮೇಲೆ ಐಲೆಟ್ ಹೊಡೆಯುತ್ತೇನೆ. ಬಕ್ರಮಿನ ಎಳೆ ಅಡ್ಡ, ಹಾಳೆಯ ನಾರು ಉದ್ದ, ಹಾಗಾಗಿ ಎಳೆತ ಎರಡಕ್ಕೂ ಹಂಚುತ್ತದೆ. ಮೂವತ್ತು ನಲವತ್ತು ಎಸಳು ಹಾಳಾದ ಮೇಲೆ ಸಿಕ್ಕಿದ ಬುದ್ಧಿ ಇದು.

ಐಲೆಟ್‌ನಿಂದ ರಿಂಗ್, ರಿಂಗಿನಿಂದ ಒಳಗಿನ ಪೆಟಿಕೋಟಿನ ಟೇಪು. ಪೆಟಿಕೋಟು ಡ್ರಿಲ್ಲಿನದ್ದು, ಅದರ ಮೇಲೆ ಸುತ್ತ ಏಳೆಂಟು ಸಾಲು ಟೇಪು. ಮೇಲಿನ ಸಾಲಿನ ಎಸಳು ಕೆಳಗಿನ ಸಾಲಿನ ರಿಂಗನ್ನು ಮುಚ್ಚಬೇಕು. ಪೂರಾ ಭಾರ ನಾಲ್ಕು ಕಿಲೋದ ಹತ್ತಿರ ಬಂತು. ಅದನ್ನು ಭುಜಕ್ಕೆ ಕೊಟ್ಟರೆ ಹುಡುಗಿ ಹತ್ತು ನಿಮಿಷ ನಿಲ್ಲಲಾರಳು. ನಾನು ಸೊಂಟದ ಒಳಗೆ ಮಂಚದ ನವಾರು ಪಟ್ಟಿಯ ಬೆಲ್ಟ್ ಹಾಕಿ ಭಾರವನ್ನೆಲ್ಲ ಅಲ್ಲಿಗೆ ಇಳಿಸಿದೆ.

ಬಾಡಿಸ್ ಬೇರೆ ಕತೆ. ಅಲ್ಲಿ ಎಸಳು ತೂಗಿದರೆ ಆಕಾರ ನಿಲ್ಲುವುದಿಲ್ಲ. ನೆನೆಸಿದ ಹಾಳೆಯನ್ನು ಡಮ್ಮಿಯ ಮೇಲೆಯೇ ಸುತ್ತಿ, ಬಟ್ಟೆ ಕ್ಲಿಪ್ ಹಾಕಿ, ಫ್ಯಾನಿನ ಕೆಳಗೆ ಒಣಗಲು ಬಿಡಬೇಕು. ಬಿಸಿಲಿಗಿಟ್ಟರೆ ಒಂದು ಬದಿ ಬೇಗ ಒಣಗಿ ತಿರುಚುತ್ತದೆ. ಒಣಗಿದ ಹಾಳೆ ಆ ಆಕಾರ ಮರೆಯುವುದಿಲ್ಲ, ನಮ್ಮ ಅಜ್ಜಂದಿರ ಮುಟ್ಟಾಳೆ (ಹಾಳೆಯ ಟೋಪಿ) ತಲೆಯ ಆಕಾರ ಹಿಡಿದು ಕೂರುವುದೂ ಹೀಗೆಯೇ. ತುಂಡುಗಳ ನಡುವೆ ಕಾಲು ಇಂಚು ಬಿಟ್ಟು, ಆ ಸಂದಿನಲ್ಲಿ ಲೇಸಿನ ಹಾಗೆ ಹಗ್ಗ ಹೆಣೆದೆ. ಉಸಿರು ಎಳೆದಾಗ ಹಿಗ್ಗುವುದು ಆ ಸಂದು, ಹಾಳೆಗೆ ತೊಂದರೆ ಇಲ್ಲ. ಮರುದಿನ ಮತ್ತೆ ಸುರುಳಿ ಸುತ್ತದ ಹಾಗೆ ನೆನೆಸುವ ನೀರಿಗೆ ನಾನು ಒಂದು ವಸ್ತು ಸೇರಿಸುತ್ತೇನೆ. ಅಡುಗೆಮನೆಯಲ್ಲಿ ಸಿಗುವಂಥದ್ದೇ. ಹೆಸರು, ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದರಿಂದಲೇ ನನಗೆ ಆರ್ಡರ್ ಬರುತ್ತಿದೆ.

ಹಾಳೆ ಆರಿಸುವಾಗ ಜಾಗ್ರತೆ. ಬಿದ್ದು ಒಂದೆರಡು ದಿನದೊಳಗೆ ಹೆಕ್ಕಬೇಕು. ಇಬ್ಬನಿ ಕುಡಿದ ಹಾಳೆಗೆ ಕರಿಚುಕ್ಕೆ ಬರುತ್ತದೆ, ಯಾವ ತೊಳೆತಕ್ಕೂ ಹೋಗುವುದಿಲ್ಲ. ಮಹಾಳಿಗೆ (ಅಡಿಕೆಯ ಕೊಳೆರೋಗ) ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆದ ಮೇಲೆ ಬಿದ್ದ ಹಾಳೆಯಲ್ಲಿ ನೀಲಿ ಕಲೆ ಇರುತ್ತದೆ. ನೋಡಲು ಅದು ಬಹಳ ಚಂದ, ಕೆಲವು ಎಸಳಿಗೆ ಬಳಸುವ ಆಸೆಯೂ ಆಗುತ್ತದೆ. ಮೈಲುತುತ್ತು ಮೈಗೆ ತಾಗಬಾರದು, ಬೆವರಿದರೆ ಉರಿ. ಬಿಟ್ಟುಬಿಡಿ.

ಇದರ ನಡುವೆ ಬೇರೆ ವಸ್ತುಗಳನ್ನೂ ಮಾಡಿ ನೋಡಿದೆ. ಹಾಲಿನ ಕವರು ನನಗೆ ತುಂಬ ಹಿಡಿಸಿತು. ಸೀಳಿ, ಸೋಪಿನಲ್ಲಿ ತೊಳೆದು, ಮೂರು ಪದರ ಒಂದರ ಮೇಲೊಂದು ಇಟ್ಟು, ಮೇಲೂ ಕೆಳಗೂ ಬಟರ್ ಪೇಪರ್ ಹಾಕಿ ಸಿಲ್ಕಿನ ಬಿಸಿಯಲ್ಲಿ ಇಸ್ತ್ರಿ ಒತ್ತಿದರೆ ರೆಕ್ಸಿನ್‌ನಂಥ ಶೀಟ್ ಸಿಗುತ್ತದೆ, ಮಿಷನಿಗೂ ಹೋಗುತ್ತದೆ. ಬಿಸಿ ಹೆಚ್ಚಾದರೆ ತೂತು. ಕಿಟಕಿ ತೆರೆದೇ ಮಾಡಿ, ಹೊಗೆ ಒಳ್ಳೆಯದಲ್ಲ. ನೀಲಿ ನಂದಿನಿ ಕವರಿನ ಒಂದು ಲಂಗ ಈಗಲೂ ಅಂಗಡಿಯಲ್ಲಿ ತೂಗಿದೆ. ಮುರಿದ ಕೊಡೆ ಇನ್ನೂ ಸುಲಭ: ಎಂಟು ಕಡ್ಡಿಯ ಕೊಡೆಯ ಬಟ್ಟೆ ಬಿಚ್ಚಿ, ನಡುವೆ ಸೊಂಟದ ಅಳತೆಗೆ ಕತ್ತರಿಸಿದರೆ ಎಂಟು ಕಲಿಯ (ತ್ರಿಕೋನ ತುಂಡಿನ) ಸ್ಕರ್ಟ್ ತಯಾರು, ಕಟಿಂಗ್ ಕೆಲಸವೇ ಇಲ್ಲ. ಹತ್ತು ವರ್ಷದ ಮಕ್ಕಳಿಗೆ ಸರಿಯಾಗುತ್ತದೆ, ದೊಡ್ಡವರಿಗೆ ಗಿಡ್ಡ. ಮಾತ್ರೆ ಖಾಲಿಯಾದ ಪಟ್ಟಿಗಳನ್ನು ರಿಂಗಿನಲ್ಲಿ ಜೋಡಿಸಿದರೆ ಬೆಳಕಿಗೆ ಮಿಂಚುತ್ತದೆ, ಆದರೆ ಅಂಚು ಬ್ಲೇಡಿನಷ್ಟು ಹರಿತ, ಲೈನಿಂಗ್ ಒಂದೇ ಸಂಜೆಗೆ ಜಾಲರಿ. ಮುಂದೆ ಯಾವತ್ತಾದರೂ ಮೂಲೆ ದುಂಡು ಮಾಡಿ ನೋಡಬೇಕು.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಹಾಳೆ ಎಪ್ಪತ್ತರ ಹತ್ತಿರ ಬೇಕಾಯಿತು, ಅರ್ಧದಷ್ಟು ಆರಿಸುವಾಗಲೇ ಹೋಯಿತು. ಹುಡುಗಿಯ ತೋಟದ್ದಾದ್ದರಿಂದ ದುಡ್ಡಿಲ್ಲ, ಕೊಂಡರೆ ಒಂದಕ್ಕೆ ಎರಡು ಮೂರು ರೂಪಾಯಿ. ತಟ್ಟೆ ಮಾಡುವ ಘಟಕದಲ್ಲಿ ಕೆಳಸುತ್ತಿನ ಎಸಳುಗಳಿಗೆ ಬಿಸಿ ಪ್ರೆಸ್ ಕೊಡಿಸಿದ್ದಕ್ಕೆ ಇನ್ನೂರು ಚಿಲ್ಲರೆ. ರಿಂಗ್, ಐಲೆಟ್ ಮಂಗಳೂರಿಂದ ತರಿಸಿದ್ದು ಏಳೆಂಟು ನೂರು. ಬಟ್ಟೆ, ಬೋನ್, ನವಾರು, ಜಿಪ್ ಸೇರಿ ಒಂದು ಸಾವಿರದ ಮೇಲೆ. ನಾನು ತೆಗೆದುಕೊಂಡದ್ದು ಐದು ಸಾವಿರ. ಮೊದಲು ಕಳೆದದ್ದು ಅದರಲ್ಲಿ ಪೂರ್ತಿ ಬರಲಿಲ್ಲ, ಬಾಡಿಗೆಯಲ್ಲಿ ಬಂತು. ಒಂದು ಸಲಕ್ಕೆ ಎಂಟುನೂರು ತೆಗೆದುಕೊಳ್ಳುತ್ತೇನೆ, ಎಸಳು ಹೋದರೆ ಎಸಳಿಗೆ ಐವತ್ತು. ರಿಂಗ್ ಬಿಡಿಸಿ ಹೊಸದು ಹಾಕಲು ಎರಡು ನಿಮಿಷ ಸಾಕು. ಹೊಲಿದಿದ್ದರೆ ಇಡೀ ಸಾಲು ಬಿಚ್ಚಬೇಕಾಗಿತ್ತು.

ಸ್ಪರ್ಧೆಯಲ್ಲಿ ಮೊದಲನೇ ಬಹುಮಾನ ಬಂತು. ಹುಡುಗಿ ನಡೆದಾಗ ಎಸಳಿಗೆ ಎಸಳು ತಾಗಿ ತೋಟದಲ್ಲಿ ಗಾಳಿ ಬೀಸಿದ ಸದ್ದು ಬರುತ್ತಿತ್ತು, ತೀರ್ಪುಗಾರರು ಮೈಕು ಹತ್ತಿರ ಹಿಡಿದು ಅದನ್ನು ಕೇಳಿಸಿದರು. ಒಬ್ಬರು ಒಳಗಿನ ಪೆಟಿಕೋಟನ್ನೂ ಬಟ್ಟೆಯ ಲೆಕ್ಕಕ್ಕೆ ಹಿಡಿಯಬೇಕು ಅಂತ ವಾದಿಸಿದ್ದರು. ಹಾಗಾಗಿ ಮುಂದಿನ ಗೌನಿನ ಪೆಟಿಕೋಟನ್ನು ಪ್ಲಾಸ್ಟಿಕ್ ಎಳೆಯ ಅಕ್ಕಿ ಚೀಲದಲ್ಲಿ ಕತ್ತರಿಸಿಟ್ಟಿದ್ದೇನೆ. ಅಂಚನ್ನು ಮೇಣದಬತ್ತಿಯ ಬೆಂಕಿಗೆ ಸೋಕಿಸಿದರೆ ಎಳೆ ಬಿಡುವುದಿಲ್ಲ, ಟೇಪು ಅದರ ಮೇಲೆ ಚೆನ್ನಾಗಿ ಕೂರುತ್ತದೆ. ಮಾಡುವ ಮನಸ್ಸಿದ್ದವರು ಜನವರಿಯಿಂದ ಮೇ ಒಳಗೆ ಹಾಳೆ ಒಟ್ಟು ಮಾಡಿ, ಒಣಗಿಸಿ, ಅಟ್ಟಕ್ಕೇರಿಸಿಡಿ. ಮಳೆ ಹಿಡಿದ ಮೇಲೆ ಹೆಕ್ಕಿದ್ದು ಇದಕ್ಕೆ ಬರುವುದಿಲ್ಲ.