ಉದ್ದು ರುಬ್ಬುವ ಗ್ರೈಂಡರಿನಲ್ಲಿ ಚಾಕಲೇಟ್: ನನ್ನ ಅನುಭವ

ಕೊನೆಗೂ ಆಯಿತು. ಎರಡು ವರ್ಷ ಹಿಡಿಯಿತು. ಒಂದು ಮೋಟಾರು ಸುಟ್ಟಿತು, ಸುಮಾರು ಎಂಟು ಕಿಲೋ ಒಣ ಬೀಜ ಗೊಬ್ಬರದ ಗುಂಡಿಗೆ ಹೋಯಿತು. ಈಗ ನಮ್ಮ ಎರಡು ಲೀಟರಿನ ಟಿಲ್ಟಿಂಗ್ ಗ್ರೈಂಡರಿನಲ್ಲಿ ರುಬ್ಬಿದ ಚಾಕಲೇಟು ನಾಲಿಗೆಗೆ ಒಂಚೂರೂ ತರಿ ಸಿಗದ ಹಾಗೆ ಬರುತ್ತಿದೆ. ಮುರಿದರೆ ಟಕ್ ಅನ್ನುತ್ತದೆ. "ಉದ್ದು ರುಬ್ಬುವ ಕಲ್ಲಿನಲ್ಲಿ ಚಾಕಲೇಟಾ, ಸುಮ್ನೆ ದುಡ್ಡು ದಂಡ" ಅಂದಿದ್ದ ನಮ್ಮ ಮನೆಯವರೇ ಈಗ ಮನೆಗೆ ಬಂದವರಿಗೆಲ್ಲ ತುಂಡು ಕೊಟ್ಟು, ಮುರಿಯುವ ಸದ್ದು ಕೇಳಿಸಿ ಕಳಿಸುತ್ತಾರೆ.

ನಮ್ಮದು ಪುತ್ತೂರು ಕಡೆಯ ಅಡಿಕೆ ತೋಟ, ನಡುನಡುವೆ ಕೊಕ್ಕೊ. ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೊದ (ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರ ಸಂಸ್ಥೆ) ಚಾಕಲೇಟ್ ಫ್ಯಾಕ್ಟರಿ ಇದೆ. ಆದರೂ ನಮ್ಮ ಮನೆಯಲ್ಲಿ ಕೊಕ್ಕೊ ಅಂದರೆ ಕೋಡು ಒಡೆದು ಹಸಿ ಬೀಜ ತೂಗಿಸಿ ಬರುವುದು, ಅಷ್ಟೇ. ಆ ಬೀಜ ಮುಂದೆ ಏನಾಗುತ್ತದೆ ಅಂತ ಯಾರೂ ಕೇಳಿದವರಲ್ಲ. 2024ರಲ್ಲಿ ಪಶ್ಚಿಮ ಆಫ್ರಿಕಾದ ಬೆಳೆ ಕೈಕೊಟ್ಟು ಎಲ್ಲ ಕಡೆ ಕೊಕ್ಕೊ ಬೆಲೆ ಹಾರಿತಲ್ಲ, ಆಗಲೇ ನಾನು ಹಸಿ ಬೀಜ ಮಾರದೆ ಮನೆಯಲ್ಲಿ ಇಟ್ಟುಕೊಂಡದ್ದು. ಎಷ್ಟು ಬೈಗುಳ ತಿಂದಿರಬಹುದು ಲೆಕ್ಕ ಹಾಕಿ.

ಮೊದಲ ಸೋಲು ಹುಳಿಬರಿಸುವಲ್ಲೇ. ನಾಲ್ಕು ಕಿಲೋ ಹಸಿ ಬೀಜವನ್ನು ಬಾಳೆಎಲೆ ಸುತ್ತಿ ಬುಟ್ಟಿಯಲ್ಲಿಟ್ಟೆ. ಬಿಸಿಯೇ ಏರಲಿಲ್ಲ, ಮೂರನೇ ದಿನಕ್ಕೆ ಬೂಸು. ರಾಶಿ ಸಣ್ಣದಾದರೆ ಶಾಖ ನಿಲ್ಲುವುದಿಲ್ಲ. ಈಗ ಹನ್ನೆರಡು ಕಿಲೋಗೆ ಕಡಿಮೆ ಇಡುವುದಿಲ್ಲ, ಅದೂ ಮೀನಿನವರ ಹತ್ತಿರ ಸಿಗುವಂಥ ಥರ್ಮಾಕೋಲ್ ಪೆಟ್ಟಿಗೆಯಲ್ಲಿ (ಹೊಸದೇ ತಗೊಳ್ಳಿ, ಆ ವಾಸನೆ ಹೋಗುವುದಿಲ್ಲ). ಆರು ದಿನ. ನಡುವೆ 47, 48 ಡಿಗ್ರಿವರೆಗೆ ಹೋಗುತ್ತದೆ. ಎಷ್ಟನೇ ದಿನ ತಿರುವಬೇಕು ಅನ್ನುವುದರಲ್ಲಿ ನನ್ನದೇ ಒಂದು ಲೆಕ್ಕ ಇದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಹನ್ನೆರಡು ಕಿಲೋ ಹಸಿ, ಒಣಗಿದ ಮೇಲೆ ನಾಲ್ಕು ಚಿಲ್ಲರೆ. ಹುರಿದು ಸಿಪ್ಪೆ ಕೇರಿದರೆ ಮೂರು, ಮೂರೂಕಾಲು.

ಹುರಿಯುವುದಕ್ಕೆ ಓಟಿಜಿ (ಕರೆಂಟಿನ ಸಣ್ಣ ಓವನ್), 130 ಡಿಗ್ರಿ, ಇಪ್ಪತ್ತೈದು ನಿಮಿಷ. ಬಾಣಲೆಯಲ್ಲಿ ಹುರಿದರೆ ಹೊರಗೆ ಕರಿಕಲು, ಒಳಗೆ ಹಸಿ. ಸಿಪ್ಪೆ ತೆಗೆಯಲು ಹೇರ್ ಡ್ರೈಯರ್ ಒಳ್ಳೆಯದು ಅಂತ ತುಂಬಾ ಜನ ಹೇಳುತ್ತಾರೆ. ನಾನೂ ಮಾಡಿ ನೋಡಿದೆ, ಅಡುಗೆಮನೆ ತುಂಬ ಹೊಟ್ಟು. ಅತ್ತೆಯ ಗೆರಸೆಯಲ್ಲಿ ಹತ್ತು ನಿಮಿಷ ಕೇರಿದರೆ ಅದಕ್ಕಿಂತ ಚೊಕ್ಕ.

ಇನ್ನು ಗ್ರೈಂಡರ್. ಮೊದಲು ಮನೆಯ ದೋಸೆ ಗ್ರೈಂಡರಿಗೇ ಹಾಕಿದೆ. ಎಷ್ಟು ತೊಳೆದರೂ ಕಲ್ಲಿಗೆ ಹಿಡಿದ ಹಿಟ್ಟಿನ ಹುಳಿವಾಸನೆ ಚಾಕಲೇಟಿಗೆ ಬಂತು. ಸಾಲದ್ದಕ್ಕೆ ಕಲ್ಲಿನ ಸಂದಿನಲ್ಲಿ ಎರಡು ಹನಿ ನೀರು ಉಳಿದಿತ್ತು. ಎರಡೇ ಹನಿ! ಎಣ್ಣೆ ಬಿಟ್ಟುಕೊಂಡು ಚೆನ್ನಾಗಿ ಹರಿಯುತ್ತಿದ್ದದ್ದು ನೋಡನೋಡುತ್ತಾ ಹುತ್ತದ ಮಣ್ಣಿನ ಹಾಗೆ ಹೆಂಟೆ ಕಟ್ಟಿತು. ಮುಕ್ಕಾಲು ಕಿಲೋ ಹೋಯಿತು. ಆಮೇಲೆ ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ಒಂದನ್ನು ಸುಮಾರು 2,200ಕ್ಕೆ ತಗೊಂಡೆ, ಇದಕ್ಕೇ ಅಂತ. ಚಾಕಲೇಟಿಗೇ ಅಂತ ಮಾರುವ ರುಬ್ಬುವ ಯಂತ್ರ, ಮೆಲೇಂಜರಿಗೆ ಆಗ 20 ಸಾವಿರದ ಆಸುಪಾಸು ಹೇಳಿದ್ದರು. ಅದೂ ಕಲ್ಲಿನ ತಳ, ಕಲ್ಲಿನ ಉರುಳೆ. ನನ್ನದೂ ಅದೇ.

ವ್ಯತ್ಯಾಸ ಇರುವುದು ಮೋಟಾರಿನಲ್ಲಿ, ಅದನ್ನು ನಾನು ದುಡ್ಡು ಕೊಟ್ಟು ಕಲಿತೆ. ದೋಸೆ ಗ್ರೈಂಡರಿನ ಮೋಟಾರು ಮುಕ್ಕಾಲು ಗಂಟೆ ಕೆಲಸಕ್ಕೆ ಮಾಡಿದ್ದು, ನಾವು ಮೂವತ್ತು ಗಂಟೆ ತಿರುಗಿಸುತ್ತೇವೆ. ಹದಿನಾಲ್ಕನೇ ಗಂಟೆಗೆ ಸುಟ್ಟ ವಾಸನೆ, ಹೊಗೆ. ರಿವೈಂಡಿಂಗಿಗೆ 1,400 ಆಯಿತು ಅಂತ ನೆನಪು. ಈಗ ಕೆಳಗೆ ಎರಡು ಮರದ ರೀಪು ಇಟ್ಟು ಎತ್ತರಿಸಿದ್ದೇನೆ, ಪಕ್ಕದಲ್ಲಿ ಟೇಬಲ್ ಫ್ಯಾನ್ ಪೂರ್ತಿ ಸಮಯ ಓಡುತ್ತದೆ. ಗ್ರೈಂಡರಿನ ಮೈ ಮುಟ್ಟಿದರೆ ಕೈ ಇಟ್ಟುಕೊಳ್ಳುವಷ್ಟೇ ಬಿಸಿ ಇರಬೇಕು. 150 ವ್ಯಾಟಿನ ಮೋಟಾರು, ಮೂವತ್ತು ಗಂಟೆಗೆ ನಾಲ್ಕೂವರೆ ಯೂನಿಟ್. ಫ್ಯಾನ್ ಸೇರಿಸಿದರೂ ಆರು, ಆರೂವರೆ. ಕರೆಂಟ್ ಬಿಲ್ಲಿಗೆ ಯಾರೂ ಹೆದರಬೇಕಾಗಿಲ್ಲ.

ಹೆದರಬೇಕಾದ್ದು ಕರೆಂಟ್ ಹೋಗುವುದಕ್ಕೆ. ಮಳೆಗಾಲದ ಒಂದು ರಾತ್ರಿ ಎರಡು ಗಂಟೆಗೆ ಹೋದದ್ದು ಬೆಳಗ್ಗೆ ಬಂತು. ಅಷ್ಟರಲ್ಲಿ ಎಲ್ಲ ಗಟ್ಟಿಯಾಗಿ ಉರುಳೆಗಳು ಸಿಮೆಂಟಿನಲ್ಲಿ ಹೂತ ಹಾಗೆ ಕೂತಿದ್ದವು. ಹಾಗೇ ಸ್ವಿಚ್ ಹಾಕಿದರೆ ಬೆಲ್ಟ್ ತುಂಡಾಗುತ್ತದೆ. ಆಗ ಹೇರ್ ಡ್ರೈಯರ್ ಉಪಯೋಗಕ್ಕೆ ಬಂತು ನೋಡಿ. ಡ್ರಮ್ಮಿನ ಹೊರಗಿನಿಂದ ಸುತ್ತ ಗಾಳಿ ಬಿಡುತ್ತಾ ಹೋದೆ. ಮೊದಲು ಅಂಚಿನಲ್ಲಿ ಒಂದು ಹೊಳಪು ಬರುತ್ತದೆ, ಆಮೇಲೆ ಉರುಳೆಯ ಬುಡದಲ್ಲಿ ಕಪ್ಪು ಗೆರೆ ಬಿಟ್ಟುಕೊಳ್ಳುತ್ತದೆ. ಕೈಯಿಂದ ತಿರುವಿದಾಗ ಡ್ರಮ್ಮು ಅಲುಗಿದರೆ ಮಾತ್ರ ಸ್ವಿಚ್.

ಬೀಜ ಹಾಕುವಾಗಲೂ ಉರುಳೆ ಹೀಗೆ ಕೂರದ ಹಾಗೆ ನೋಡಿಕೊಳ್ಳಬೇಕು. ಬೀಜದ ಚೂರನ್ನು ಮೊದಲು ಮಿಕ್ಸಿಯಲ್ಲಿ ತರಿ ಮಾಡಿ, ಓವನ್ನಿನಲ್ಲಿ 50 ಡಿಗ್ರಿಗೆ ಬೆಚ್ಚಗಿಟ್ಟು, ಒಂದೊಂದೇ ಚಮಚ ಹಾಕಿ. ಮೊದಲ ಒಂದು ಗಂಟೆ ಉರುಳೆಯ ಸ್ಕ್ರೂ ಸಡಿಲ, ಗರಗರ ಸದ್ದು ಇಳಿದ ಮೇಲೆ ಬಿಗಿ. ಸಕ್ಕರೆ ಎರಡು ಗಂಟೆ ಬಿಟ್ಟು. 700 ಗ್ರಾಂ ಬೀಜಕ್ಕೆ 300 ಸಕ್ಕರೆ, ಬೀಜದಲ್ಲಿರುವ ಕೊಬ್ಬು ಸಾಲದಿದ್ದರೆ ಕೊಕ್ಕೊ ಬೆಣ್ಣೆ 40, 50 ಗ್ರಾಂ. ಸದ್ದು ಪೂರ್ತಿ ಬದಲಾಗುವುದು ಇಪ್ಪತ್ತನೇ ಗಂಟೆಯ ಹೊತ್ತಿಗೆ, ಕಲ್ಲು ತಿರುಗುತ್ತಿದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ.

ಬೆಲ್ಲದ್ದು ಮಾಡಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಬೆಲ್ಲದಲ್ಲಿ ತೇವ ಜಾಸ್ತಿ, ಎರಡು ಸಲ ಹೆಂಟೆಯೇ ಆಯಿತು. ಮೂರನೇ ಸಲ ಬೆಲ್ಲದ ಪುಡಿಯನ್ನು ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲಿ ಎರಡು ದಿನ ಇಟ್ಟು ಹಾಕಿದೆ, ನಿಂತಿತು. ಚಾಕಲೇಟಲ್ಲದೆ ಎಳ್ಳನ್ನೂ ಹುರಿದು ಇದೇ ಗ್ರೈಂಡರಿನಲ್ಲಿ ಎರಡು ಗಂಟೆ ತಿರುಗಿಸಿದೆ, ಬೆಣ್ಣೆಯ ಹಾಗೆ ಬಂತು, ದೋಸೆಗೆ ಹಚ್ಚಿಕೊಂಡು ತಿಂದೆವು. ಗೇರುಬೀಜದ್ದು ಇನ್ನೂ ಚೆನ್ನಾಗಿತ್ತು.

ಟೆಂಪರಿಂಗ್ ಅಂದರೆ ಚಾಕಲೇಟು ಹೊಳಪು ಬಂದು ಟಕ್ ಅನ್ನುವ ಹಾಗೆ ಗಟ್ಟಿಯಾಗಲು ಬಿಸಿಯನ್ನು ಹದವಾಗಿ ಏರಿಸಿ ಇಳಿಸುವುದು: 45 ಡಿಗ್ರಿಗೆ ಏರಿಸಿ, 27ಕ್ಕೆ ಇಳಿಸಿ, ಮತ್ತೆ 31ಕ್ಕೆ. ಆದರೆ ನಮ್ಮ ಕರಾವಳಿಯ ಏಪ್ರಿಲ್‌ನಲ್ಲಿ ಅಡುಗೆಮನೆಯೇ 33 ಇದ್ದರೆ 27 ಎಲ್ಲಿಂದ ತರುವುದು? ಬೂದಿ ಬಳಿದ ಹಾಗೆ ಬಿಳಿಯಾದ ಐದು ಬ್ಯಾಚ್ ಕರಗಿಸಿ ಹಾಲಿಗೆ ಹಾಕಿ ಕುಡಿದೆವು. ಈಗ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಮಾಡುತ್ತೇನೆ, ಪಾತ್ರೆಯ ಅಡಿಗೆ ಬಾವಿ ನೀರಿನ ಒದ್ದೆ ಬಟ್ಟೆ. ಬಟ್ಟೆ ಪಾತ್ರೆಯ ಬಾಯಿಗೆ ತಾಗದ ಹಾಗೆ ನೋಡಿಕೊಳ್ಳಿ.

50 ಗ್ರಾಮಿನ ತುಂಡಿಗೆ ನನಗೆ ಬೀಳುವುದು ಸುಮಾರು 45 ರೂಪಾಯಿ, ನನ್ನ ಕೆಲಸ ಬಿಟ್ಟು. ಹೋದ ದೀಪಾವಳಿಗೆ ನೆಂಟರಿಷ್ಟರೇ 120ರಂತೆ ಅರವತ್ತು ತುಂಡು ತಗೊಂಡರು. ರಿವೈಂಡಿಂಗಿನ ದುಡ್ಡು ಅಲ್ಲೇ ಬಂತು.

ಇನ್ನೊಂದು ಮಾತು, ಬೆಲ್ಟ್ ಒಂದು ಸ್ಪೇರ್ ಇಟ್ಟುಕೊಳ್ಳಿ. 150 ರೂಪಾಯಿ ಅಷ್ಟೇ. ನನ್ನದು ತುಂಡಾದದ್ದು ಶನಿವಾರ ರಾತ್ರಿ, ರಿಪೇರಿ ಅಂಗಡಿ ತೆರೆದದ್ದು ಸೋಮವಾರ ಹತ್ತು ಗಂಟೆಗೆ.