ಗ್ಯಾಸ್ ತುಂಬಿಸುವುದು ಬಿಟ್ಟು ಲೀಕ್ ಹಿಡಿದದ್ದು: ಕರಾವಳಿಯ ಎಸಿ ಕಾಯಿಲ್ ರಿಪೇರಿಯಲ್ಲಿ ನನ್ನ ಅನುಭವ

ಸುರತ್ಕಲ್‌ನಿಂದ ಮಲ್ಪೆವರೆಗೆ ಕಡಲಿಗೆ ಹತ್ತಿರದ ಮನೆಗಳಲ್ಲಿ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಮೂರು ವರ್ಷ ದಾಟುವುದರೊಳಗೆ ಗ್ಯಾಸ್ ಖಾಲಿ ಮಾಡಿಕೊಳ್ಳುವುದು ಮಾಮೂಲು. ಗೇಜ್ ಹಾಕಿ ನೋಡಿ, ತುಂಬಿಸಿ, 2,500-3,000 ರೂಪಾಯಿ ಬಿಲ್ ಮಾಡಿದರೆ ಆರೇಳು ತಿಂಗಳಿಗೆ ಮತ್ತೆ ಅದೇ ಪಾಡು. ಮೂರನೇ ಸಲಕ್ಕೆ ‘ಕಾಯಿಲ್ ಹೋಗಿದೆ’ ಅನ್ನುವ ಮಾತು (ಕಾಯಿಲ್ ಅಂದರೆ ಗ್ಯಾಸ್ ಓಡಾಡುವ ತಾಮ್ರದ ಟ್ಯೂಬು, ಅದರ ಸುತ್ತ ತೆಳು ರೆಕ್ಕೆಗಳು), ಬದಲಾಯಿಸಲು 9,000ದಿಂದ 12,000. ಕಾಯಿಲ್ ಬದಲಾಯಿಸದೆಯೂ ಲೀಕ್ ನಿಲ್ಲಿಸಬಹುದು ಅಂದಾಗ ನಮ್ಮ ಕಸುಬಿನವರೇ ಒಪ್ಪಿರಲಿಲ್ಲ. ಈಗ ಎರಡು ಮಳೆಗಾಲ ಕಳೆದಿದೆ. ಹೀಗೆ ಕೈ ಹಾಕಿದ ಸುಮಾರು ನಲವತ್ತು ಯೂನಿಟ್‌ಗಳಲ್ಲಿ ಮೂವತ್ತಕ್ಕೂ ಮೇಲ್ಪಟ್ಟು ಇವತ್ತಿಗೂ ಗ್ಯಾಸ್ ಕೇಳಿಲ್ಲ.

ಮೊದಮೊದಲು ಕೈಕೊಟ್ಟದ್ದು ಟೆಸ್ಟಿಂಗ್. ಇಡೀ ಸಿಸ್ಟಮ್‌ಗೆ 150 ಪಿಎಸ್‌ಐ (ಒತ್ತಡದ ಅಳತೆ) ನೈಟ್ರೋಜನ್ ಕೊಟ್ಟು, ಅರ್ಧ ಗಂಟೆ ಸೋಪಿನ ನೊರೆ ಹಚ್ಚಿ ನೋಡಿದರೆ ಏನೂ ಸಿಗುವುದಿಲ್ಲ. ಆರ್32 ಗ್ಯಾಸಿನ ಎಸಿ ಸುಮ್ಮನೆ ನಿಂತಿರುವಾಗಲೇ 30 ಡಿಗ್ರಿಯಲ್ಲಿ ಒಳಗಿನ ಒತ್ತಡ 265 ಪಿಎಸ್‌ಐ ಹತ್ತಿರ ಇರುತ್ತದೆ. ಅದಕ್ಕಿಂತ ಕಡಿಮೆಯಲ್ಲಿ ಟೆಸ್ಟ್ ಮಾಡಿ ‘ಲೀಕ್ ಇಲ್ಲ’ ಅಂದರೆ ಏನು ಬಂತು? ಲೀಕ್ ಮುಚ್ಚುವ ಕೆಮಿಕಲ್ಲನ್ನೂ ಎರಡು ಕಡೆ ಹಾಕಿ ನೋಡಿದೆ. ಒಂದರಲ್ಲಿ ಗ್ಯಾಸಿನ ಹರಿವನ್ನು ಹಿಡಿದು ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವೇ ಕಟ್ಟಿಕೊಂಡಿತು, ವಾಲ್ವಿನ ಖರ್ಚು ನನ್ನ ಜೇಬಿನಿಂದಲೇ ಹೋಯಿತು.

ಕೆಲಸ ಹಿಡಿತಕ್ಕೆ ಬಂದದ್ದು ಸಿಸ್ಟಮ್ಮನ್ನು ಮೂರು ತುಂಡು ಮಾಡಿದ ಮೇಲೆ. ಔಟ್‌ಡೋರ್ ಬೇರೆ, ಪೈಪ್ ಬೇರೆ, ಇಂಡೋರ್ ಕಾಯಿಲ್ ಬೇರೆ. ಗ್ಯಾಸ್ ಸಾಕಷ್ಟಿದ್ದರೆ ಪಂಪ್ ಡೌನ್ ಮಾಡಿ, ಅಂದರೆ ಕಂಪ್ರೆಸರಿನಿಂದಲೇ ಗ್ಯಾಸ್ ಎಳೆಸಿ, ಔಟ್‌ಡೋರಿನಲ್ಲೇ ಹಿಡಿದಿಡಿ. ಆದರೆ ಗೇಜ್ ಸೊನ್ನೆಗೆ ಇಳಿಯುವ ಮೊದಲೇ ನಿಲ್ಲಿಸಬೇಕು. ಲೀಕ್ ಇರುವ ಲೈನಿನಿಂದ ಗಾಳಿ ಎಳೆದುಕೊಂಡರೆ ಕಂಪ್ರೆಸರ್ ಸಿಡಿಯುವ ಅಪಾಯವಿದೆ. ಗ್ಯಾಸ್ ತೀರಾ ಕಡಿಮೆಯಿದ್ದರೆ ಪಂಪ್ ಡೌನ್ ಗೋಜಿಗೇ ಹೋಗದೆ ರಿಕವರಿ ಸಿಲಿಂಡರಿಗೆ ತೆಗೆಯುತ್ತೇನೆ.

ಇಂಡೋರ್ ಕಾಯಿಲ್ ಬಿಚ್ಚಿ, ಒಂದು ತುದಿಗೆ ಹಿತ್ತಾಳೆ ಪ್ಲಗ್, ಇನ್ನೊಂದಕ್ಕೆ ಗೇಜ್ ಕೂರಿಸಿ 400 ಪಿಎಸ್‌ಐ ನೈಟ್ರೋಜನ್. ರೆಗ್ಯುಲೇಟರ್ ಇಲ್ಲದೆ ಬೇಡ, ಆಕ್ಸಿಜನ್ ಅಂತೂ ಯಾವ ಕಾರಣಕ್ಕೂ ಬೇಡ. ಹಾಗೇ ಒಂದು ರಾತ್ರಿ ಬಿಡಿ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ: ಮಧ್ಯಾಹ್ನ 33 ಡಿಗ್ರಿಯಲ್ಲಿ 400 ಇದ್ದದ್ದು ಬೆಳಗಿನ ಜಾವ 24 ಡಿಗ್ರಿಗೆ 388 ತೋರಿಸಿದರೆ ಅದು ಲೀಕ್ ಅಲ್ಲ, ತಣ್ಣಗಾದದ್ದು ಅಷ್ಟೇ. ಡಿಗ್ರಿಗೆ ಹೆಚ್ಚು ಕಡಿಮೆ 1.3 ಪಿಎಸ್‌ಐ ಲೆಕ್ಕ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಮಾತ್ರ ಕಾಯಿಲನ್ನು ನೀರಿನ ಟಬ್ಬಿಗೆ ಇಳಿಸುತ್ತೇನೆ. ಮೊದಲ ಐದು ನಿಮಿಷ ರೆಕ್ಕೆಗಳ ಸಂದಿಯಲ್ಲಿ ಸಿಕ್ಕಿದ್ದ ಗಾಳಿಯೇ ಏಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಆಮೇಲೆ ನೀರು ಅಲುಗದಂತೆ ಬಿಟ್ಟು ಟಾರ್ಚ್ ಹಿಡಿದು ಕೂರಬೇಕು. ಯು-ಬೆಂಡಿನ (ಎರಡು ಟ್ಯೂಬು ಸೇರಿಸುವ ಬಾಗಿದ ತುಂಡು) ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಮೂಡಿ, ದಪ್ಪಗಾಗಿ, ಅರ್ಧ ನಿಮಿಷಕ್ಕೊಮ್ಮೆ ಕಳಚಿ ಮೇಲೇರುತ್ತದೆ. ನೊರೆಗೆ ಸಿಗದ ಲೀಕ್ ಅದು.

ಗುಳ್ಳೆ ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ ಕಾಯಿಲಿನ ಹಣೆಬರಹ ನಿಂತಿದೆ. ಬೆಂಡಿನ ಜಾಯಿಂಟಿನಲ್ಲಾದರೆ ರಿಪೇರಿ. ರೆಕ್ಕೆಗಳ ನಡುವಿನ ಟ್ಯೂಬಿನಿಂದ, ಅದೂ ಎರಡು ಮೂರು ಕಡೆ ಬಂದರೆ ಅದು ಇರುವೆಗೂಡಿನಂಥ ತುಕ್ಕು: ಪ್ಲೈವುಡ್ಡಿನ ಅಂಟು, ವಿನೆಗರ್, ಕ್ಲೀನರ್‌ಗಳಿಂದ ಏಳುವ ಸಾವಯವ ಆಮ್ಲದ ಆವಿ, ಜೊತೆಗೆ ತೇವ ಸೇರಿ ತಾಮ್ರದೊಳಗೆ ಕಣ್ಣಿಗೆ ಕಾಣದ ಸುರಂಗ ಕೊರೆಯುತ್ತದೆ. ಒಂದು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬಾಯಿ ಬಿಡುತ್ತದೆ. ಅಂಥದ್ದಕ್ಕೆ ಹೊಸ ಕಾಯಿಲೇ ಗತಿ. ನನ್ನ ಕೈಯಲ್ಲಿ ನಿಲ್ಲದವು ಬಹುಪಾಲು ಈ ಜಾತಿಯವೇ.

ಬ್ರೇಜಿಂಗಿನಲ್ಲಿ, ಅಂದರೆ ರಾಡ್ ಕರಗಿಸಿ ಬೆಸೆಯುವುದರಲ್ಲಿ, ನಾನು ಹಣ ಕಳೆದುಕೊಂಡದ್ದು ಹಳೇ ಜಾಯಿಂಟಿನ ಮೇಲೆಯೇ ರಾಡ್ ಬಳಿದು. ರಂಧ್ರದಲ್ಲಿ ಕೂತ ಎಣ್ಣೆ ಬಿಸಿಗೆ ಆವಿಯಾಗಿ ಹೊಸ ಲೋಹದಲ್ಲೂ ತೂತು ಬಿಡುತ್ತದೆ, ಹದಿನೈದು ದಿನಕ್ಕೆ ಕರೆ ಬರುತ್ತದೆ. ಈಗ ಬೆಂಡನ್ನೇ ಕಾಯಿಸಿ ಕಿತ್ತು, ಎಮರಿ ತಿಕ್ಕಿ, ಹೊಸ ಬೆಂಡ್ ಕೂರಿಸುತ್ತೇನೆ. ಒಳಗೆ 2-3 ಪಿಎಸ್‌ಐ ನೈಟ್ರೋಜನ್ ಹರಿಯುತ್ತಲೇ ಇರಬೇಕು, ಇನ್ನೊಂದು ತುದಿ ತೆರೆದಿರಬೇಕು. ಇಲ್ಲದಿದ್ದರೆ ಒಳಗೆ ಕಪ್ಪು ಪೊರೆ ಕಟ್ಟಿ, ಉದುರಿ, ವಾಲ್ವಿಗೆ ಹೋಗಿ ಕೂರುತ್ತದೆ. ತಾಮ್ರಕ್ಕೆ ತಾಮ್ರ ಆದರೆ ಫಾಸ್ಫರಸ್ ರಾಡಿಗೆ ಫ್ಲಕ್ಸ್ (ಬೆಸುಗೆಗೆ ಹಚ್ಚುವ ಪುಡಿ) ಬೇಡ. ಹಿಂದಿನ ಸಾಲಿನ ಬೆಂಡಿಗೆ, ಪಕ್ಕದ ಜಾಯಿಂಟ್ ಕರಗದಂತೆ ಉರಿ ಮುಟ್ಟಿಸಲು ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.

ಅಂದ ಹಾಗೆ, ಕಾಯಿಲಿನ ಮೇಲೆ ದೂರು ಬಂದವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ತಪ್ಪಿದ್ದದ್ದು ಫ್ಲೇರಿನಲ್ಲಿ, ಅಂದರೆ ನಟ್ಟಿನೊಳಗೆ ಕೂರಲು ಅಗಲಿಸಿದ ಪೈಪಿನ ಬಾಯಲ್ಲಿ. ಹಳೇ ಫ್ಲೇರ್ ಕತ್ತರಿಸಿ ಬಿಸಾಡಿ, ಅಂಚಿನ ಬರ್ (ಚೂಪು ಚೂರು) ತೆಗೆದು ಹೊಸದು ಮಾಡಿ. ನಟ್ಟಿನ ಬಿಗಿ ಕಾಲಿಂಚಿನ ಪೈಪಿಗೆ 14-18, ಅರ್ಧ ಇಂಚಿನದಕ್ಕೆ 49-61 ನ್ಯೂಟನ್ ಮೀಟರ್. ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್ 3,000 ರೂಪಾಯಿ ಆಸುಪಾಸು, ಒಂದೇ ತಿಂಗಳಲ್ಲಿ ದುಡ್ಡು ಹಿಂದೆ ಬಂತು.

ಔಟ್‌ಡೋರ್ ಕಾಯಿಲಿಗೆ ಕಾರಿನ ಲ್ಯಾಕರ್ ಹೊಡೆದೂ ನೋಡಿದೆ. ಉಪ್ಪು ತಡೆಯಿತು, ಆದರೆ ರೆಕ್ಕೆಗಳ ಸಂದಿ ಮುಚ್ಚಿ ಹೆಡ್ ಪ್ರೆಶರ್ (ಕಂಪ್ರೆಸರ್ ತಳ್ಳುವ ಕಡೆಯ ಒತ್ತಡ) ಏರಿತು, ಕರೆಂಟ್ ಮುಕ್ಕಾಲು ಆಂಪಿಯರ್ ಹೆಚ್ಚು. ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆಯುವುದೇ ಮೇಲು.

ಗ್ಯಾಸ್ ಹಾಕುವ ಮೊದಲು ಒಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್‌ಗೆ ಪಂಪಿನ ಮೇಲಿನ ಮುಳ್ಳು ನಂಬಬೇಡಿ, ಮೈಕ್ರಾನ್ ಗೇಜ್ ಬೇಕು. 500 ಮೈಕ್ರಾನಿಗೆ ಇಳಿಸಿ ಪಂಪ್ ಮುಚ್ಚಿ ಹತ್ತು ನಿಮಿಷ ನೋಡಿ: ಸ್ವಲ್ಪ ಏರಿ ನಿಂತರೆ ತೇವ, ಏರುತ್ತಲೇ ಹೋದರೆ ಲೀಕ್. ಜುಲೈ ತಿಂಗಳಲ್ಲಿ ಇಲ್ಲಿ ಒಂದೇ ಏಟಿಗೆ 500 ಬರುವುದು ಅಪರೂಪ. ಮಧ್ಯೆ ನೈಟ್ರೋಜನ್ ಬಿಟ್ಟು ಮತ್ತೆ ಎಳೆಯುತ್ತೇನೆ, ಎರಡು ಸಲ. ಗ್ಯಾಸ್ ತೂಕದಲ್ಲೇ ಹಾಕಬೇಕು, ನೇಮ್ ಪ್ಲೇಟಿನಲ್ಲಿದ್ದಷ್ಟು. ನಾನು ಮಾಡಿದವು ಹೆಚ್ಚಿನವು 750-950 ಗ್ರಾಂ.

ಖರ್ಚು ಹೀಗೆ: ನೈಟ್ರೋಜನ್ 150, ರಾಡು ಬೆಂಡು ಫ್ಲೇರ್ ನಟ್ಟು ಸೇರಿ 250, ಗ್ಯಾಸ್ 600ರ ಹತ್ತಿರ, ಎರಡು ದಿನದ ಓಡಾಟ. 4,500 ತಗೊಳ್ಳುತ್ತೇನೆ, ಒಂದು ವರ್ಷದ ಗ್ಯಾರಂಟಿ ಕೊಡುತ್ತೇನೆ. ಟಬ್ಬಿನಲ್ಲಿ ರೆಕ್ಕೆಯೊಳಗಿನ ಲೀಕ್ ಕಂಡರೆ 600 ಮಾತ್ರ ತಗೊಂಡು ಗುಳ್ಳೆಯ ವಿಡಿಯೊ ಪಾರ್ಟಿಗೆ ತೋರಿಸುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ಎಸಿಯ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದು ಹೊಸ ಎಸಿಯ ತೆರಿಗೆ ಕಡಿಮೆಯಾದ ಮೇಲೆ, ಎಂಟು ವರ್ಷದ ಹಳೇ ಯೂನಿಟ್ಟಿಗೆ 12,000ದ ಕಾಯಿಲ್ ಹಾಕಿಸಿ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಕೆಲಸ ಮುಗಿದ ಮೇಲೆ ಔಟ್‌ಡೋರಿನ ಮುಚ್ಚಳದ ಒಳಬದಿಯಲ್ಲಿ ತಾರೀಕು, ಹಾಕಿದ ಗ್ರಾಂ, ನೈಟ್ರೋಜನ್ ನಿಂತ ಗಂಟೆ, ಆಗಿನ ಉಷ್ಣತೆ, ಇಷ್ಟನ್ನು ಮಾರ್ಕರಿನಲ್ಲಿ ಬರೆದಿಡುತ್ತೇನೆ. ಮುಂದೆ ಯಾರೇ ಬಿಚ್ಚಿದರೂ ಅಲ್ಲಿಂದಲೇ ಶುರು ಮಾಡಬಹುದು.